ಹಗ್ಗ ಹಿಡಿದವರ ಪಾಲು

ಬೀಜಾಡಿಯ ವನಜಳಿಗೆ ಸಿಟ್ಟು ಬರುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ. ಬರಬೇಕಾದರೆ ಮೊದಲು ಒಮ್ಮೆ ಹೋಗಬೇಕಲ್ಲ! ಅವಳ ಸಿಟ್ಟು ಬಂದದ್ದು ಒಂದೇ ಸಲ. ಬಂದದ್ದು ಅಲ್ಲೇ ಬಿಡಾರ ಹೂಡಿ ಏಳು ವರ್ಷ ಕೂತಿತು. ಬೆಳಿಗ್ಗೆ ಮುಖ ತೊಳೆಯುವಾಗ ಗುಡ್ಡನ ನೆನಪು. ಮೀನಿನ ಬುಟ್ಟಿ ತಲೆಗೇರಿಸಿ ಹಾಲಾಡಿಯ ದಾರಿ ಹಿಡಿದಾಗ ಗುಡ್ಡ. ಗಂಜಿಗೆ ಕೂತರೆ, ಎದುರಿಗೆ ತಮ್ಮ ಚಂದು ಎಡಗೈಯಲ್ಲಿ ಗಂಜಿ ಸುರಿಯುವುದು ಕಂಡು ಮತ್ತೆ ಗುಡ್ಡ. ದೇವರ ಹೆಸರನ್ನು ಅಷ್ಟು ಸಲ ನೆನೆದಿದ್ದರೆ ಇವಳಿಗೆ ಮುಕ್ತಿಯೇ ಸಿಗುತ್ತಿತ್ತು ಎಂದು ಅವಳ ತಾಯಿ ಪದ್ದು ಗೊಣಗುತ್ತಿದ್ದಳು.

ಗುಡ್ಡ ಎಂದರೆ ಆ ತೀರದ ರಂಪಣಿಯ ತಂಡೇಲ; ಬಲೆಗೆ, ದೋಣಿಗೆ, ಜನಕ್ಕೆ ಎಲ್ಲಕ್ಕೂ ಅವನೇ ಯಜಮಾನ. ಹೆಸರಿಗೆ ತಕ್ಕ ಆಳು, ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲು. ರಂಪಣಿ ಅಂದರೆ ಒಬ್ಬಿಬ್ಬರ ಬಲೆಯಲ್ಲ. ದೋಣಿ ಕಡಲಿಗೆ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತದೆ, ಎರಡು ಕಡೆಯ ಹಗ್ಗ ಹಿಡಿದು ಐವತ್ತು ಅರವತ್ತು ಜನ ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಒಬ್ಬ 'ಓ ಬೇಲೆ' ಎನ್ನಬೇಕು, ಉಳಿದವರು 'ಐಸಾ' ಎಂದು ಮೈ ಹಿಂದಕ್ಕೆಸೆದು ಜಗ್ಗಬೇಕು. ಅಜ್ಜನ ಕಾಲದಿಂದ ಅದಕ್ಕೊಂದು ಕಟ್ಟು ಇತ್ತು: ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಮುದುಕಿಯಾಗಲಿ, ದಾರಿಹೋಕನಾಗಲಿ, ಕೊನೆಯ ಗಳಿಗೆಯಲ್ಲಿ ಬಂದು ಹಗ್ಗದ ಬಾಲ ಹಿಡಿದವನಾಗಲಿ, ಅವನಿಗೊಂದು ಬೊಗಸೆ ಮೀನು ಕೊಡಲೇಬೇಕು.

ಸಾವಿರದ ಒಂಬೈನೂರ ಮೂವತ್ತೆಂಟರ ಮಳೆಗಾಲ ಮುಗಿದ ಮೇಲೆ, ಬಂಗಡೆ ತುಂಬಿ ಬಂದ ಒಂದು ದಿನ, ಗುಡ್ಡ ಆ ಕಟ್ಟು ಮುರಿದ. ಜ್ವರದಲ್ಲಿದ್ದ ಪದ್ದು ತಡವಾಗಿ ಬಂದು ಹಗ್ಗ ಹಿಡಿದಿದ್ದಳು. ಅವಳ ಬುಟ್ಟಿಯನ್ನು ಕಾಲಿನಿಂದ ಬದಿಗೆ ನೂಕಿ, "ಹಗ್ಗ ಸವ್ರದವ್ರಿಗೆಲ್ಲ ಪಾಲ್ ಕೊಡುಕೆ ಇದೆಂತ ಮದಿಮನಿ ಊಟವಾ?" ಎಂದ. ಚಂದುವಿಗೆ ಆಗ ಹತ್ತೊಂಬತ್ತು. ಬಿಸಿರಕ್ತ. ರಾಶಿಗೆ ಕೈ ಹಾಕಿ ಒಂದು ಬೊಗಸೆ ಎತ್ತಿ ತಾಯಿಯ ಬುಟ್ಟಿಗೆ ಹಾಕಿಬಿಟ್ಟ. ಗುಡ್ಡ ಆ ಬಲಗೈಯನ್ನೇ ಹಿಡಿದ, ಬೆನ್ನ ಹಿಂದಕ್ಕೆ ತಿರುವಿದ, ಮೇಲಕ್ಕೆ ಒತ್ತಿದ. ಹೆಗಲು ಟಕ್ ಎಂದು ಕಳಚಿತು. ಗುಡ್ಡ ನಕ್ಕ. ಅರವತ್ತು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಪಾಲಿನ ಮೀನಿನ ಮೇಲೇ ಕಣ್ಣು, ಹಾಳಾಗಿ ಹೋಗಲಿ!

ವನಜ ತಮ್ಮನನ್ನು ನಡೆಸಿಕೊಂಡು ಬಂದಳು. ದಾರಿಯುದ್ದಕ್ಕೂ ಚಂದು ಅವಳ ಸೆರಗಿನ ತುದಿ ಹಿಡಿದುಕೊಂಡೇ ನಡೆದ, ಚಿಕ್ಕವನಿದ್ದಾಗ ಹಾಗೇ ಬರುತ್ತಿದ್ದ. ಮನೆಗೆ ಬಂದಮೇಲೆ ನೆರೆಯ ಐತ ಮತ್ತು ಕರಿಯ ನಾಚಿಕೆಯಿಂದ ಓಡಿ ಬಂದರು. ಕಡಲಲ್ಲಿ ಬದುಕುವವರಿಗೆ ಕಳಚಿದ ಕೈಗೆ ಒಂದೇ ಮದ್ದು ಗೊತ್ತು: ಎಳೆಯುವುದು. ಐತ ಹುಡುಗನ ಕಂಕುಳಿಗೆ ಕಾಲು ಕೊಟ್ಟ, ಕರಿಯನೂ ಇನ್ನಿಬ್ಬರೂ ಕೈ ಹಿಡಿದರು. ಎಳೆಯುವವರಿಗೆ ಕೂಗು ಬೇಕಲ್ಲ, ಕೂಗು ಕೊಟ್ಟವಳು ವನಜ. ಮೂರನೇ ಕೂಗಿಗೆ ಕೈ ಒಳಗೆ ಕೂತಿತು, ಚಂದು ಎಚ್ಚರ ತಪ್ಪಿದ. ಬಿಸಿ ಎಣ್ಣೆ ಹಚ್ಚಿ, ಅಡಿಕೆ ಹಾಳೆ ಇಟ್ಟು ಕಟ್ಟಿದರು. ತಿಂಗಳ ಮೇಲೆ ಬಿಚ್ಚಿದರೆ ಬೆರಳು ಆಡುವುದಿಲ್ಲ, ಚಿವುಟಿದರೆ ತಿಳಿಯುವುದಿಲ್ಲ. ವರ್ಷ ಕಳೆಯುವುದರೊಳಗೆ ಕೈ ಒಣಗಿ ಸೌದೆಯಾಯಿತು.

"ಗುಡ್ಡನ ಬಲಗೈ ನಾ ತೆಗೀತೆ," ಎಂದಳು ವನಜ. "ಅದೇ ಮರಳ್ ಮೇಲೆ. ಅಷ್ಟೇ ಜನರೆದ್ರ್."

ತಾಳಿದವನು ಬಾಳಿಯಾನು ಎಂದು ಊರವರು ಬುದ್ಧಿ ಹೇಳಿದರು. ಊರವರಿಗೇನು, ಅವರ ಕೈ ಸರಿಯಾಗೇ ಇತ್ತು.

ಮೂರು ವರ್ಷ ಕಳೆಯಿತು. ನಲ್ವತ್ತೊಂದರ ಕೊನೆಗೆ ಪದ್ದುವಿನ ತಮ್ಮ ಕುಷ್ಟ ಊರಿಗೆ ಬಂದ. ಹದಿನಾರಕ್ಕೆ ಮುಂಬಯಿಗೆ ಓಡಿಹೋಗಿ, ಅಲ್ಲಿಂದ ಹಡಗಿನ ಅಡುಗೆಮನೆ ಸೇರಿ, ಕಡೆಗೆ ಜಪಾನಿನ ಕೋಬೆ ಎಂಬ ಬಂದರಿನಲ್ಲಿ ರೇಷ್ಮೆ ವ್ಯಾಪಾರದ ಸಿಂಧಿ ಸಾಹುಕಾರನ ಮನೆಯಲ್ಲಿ ಅಡುಗೆಯವನಾಗಿ ಹದಿನೈದು ವರ್ಷ ಇದ್ದವನು. ಯುದ್ಧದ ಗಾಳಿ ಬೀಸಿದ್ದೇ ಸಾಹುಕಾರ ಗಂಟು ಕಟ್ಟಿದ, ಇವನೂ ಕಟ್ಟಿದ. ಆಳು ನೋಡಿದರೆ ಒಣಗಿಸಿದ ಸಿಗಡಿ. ತಂದದ್ದು ಒಂದು ತಗಡಿನ ಪೆಟ್ಟಿಗೆ, ಅದರೊಳಗೆ ದಪ್ಪ ಹತ್ತಿ ಬಟ್ಟೆಯ ಒಂದು ಅಂಗಿ.

"ಜಪಾನಿಗೆ ಹೋದವ ಚಿನ್ನ ತರುದ್ ಬಿಟ್ಟ್ ಅಂಗಿ ತಂದ್ಯಾ, ಹ್ವಾಯ್?" ಎಂದು ಐತ ತೀರದಲ್ಲಿ ಎಲ್ಲರೆದುರು ಕುಶಾಲು ಮಾಡಿದ. ಮಾಡಿದ್ದಲ್ಲದೆ ಕುಷ್ಟನ ಹೆಗಲು ಹಿಡಿದು ನೂಕಿದ. ನೂಕಿದ ಐತ ಮುಂದಿನ ಗಳಿಗೆಯಲ್ಲಿ ಮರಳಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದ. ಕುಷ್ಟ ಅವನನ್ನು ಹೊಡೆದದ್ದೂ ಇಲ್ಲ, ದೂಡಿದ್ದೂ ಇಲ್ಲ. ಬಾಗಿಲು ತೆರೆದಂತೆ ಸುಮ್ಮನೆ ಪಕ್ಕಕ್ಕೆ ಸರಿದು ಒಂದು ಕಾಲು ಅಡ್ಡ ಇಟ್ಟಿದ್ದ.

ಜನ ಹೋ ಎಂದು ನಕ್ಕರು. ನಗದೆ ನಿಂತವಳು ವನಜ ಒಬ್ಬಳೇ. ಬುಟ್ಟಿ ಕೆಳಗಿಟ್ಟು ಅವನ ಹಿಂದೆಯೇ ಮನೆಗೆ ಬಂದಳು.

"ಮಾವ, ನಂಗದ್ ಕಲಿಸ್ಕ್."

"ಎಂತಕ್ಕ್?"

ಎಂತಕ್ಕೆ ಎಂದು ಹೇಳಿದಳು. ಏನನ್ನೂ ಮುಚ್ಚಲಿಲ್ಲ. ಕುಷ್ಟ ಎದ್ದು ಚಂದುವಿನ ಹತ್ತಿರ ಹೋಗಿ ಕೂತ. ಒಣಗಿದ ಕೈಯನ್ನು ಹೆಗಲಿನಿಂದ ಬೆರಳಿನವರೆಗೆ ತಡವಿದ, ಕಂಕುಳೊಳಗೆ ಹೆಬ್ಬೆರಳು ಇಟ್ಟು ಬಹಳ ಹೊತ್ತು ಒತ್ತಿ ನೋಡಿದ.

"ಇದನ್ನ ಹಿಡ್ದ್ ಎಳ್ದದ್ ಯಾರ್?"

"ಗುಡ್ಡ," ಎಂದಳು ವನಜ ಹಲ್ಲು ಕಚ್ಚಿ.

ಕುಷ್ಟ ಚಂದುವಿನ ಮುಖ ನೋಡಿದ. ಚಂದು ಕಡಲಿನ ಕಡೆ ನೋಡಿದ. ಕುಷ್ಟ ಒಣಗಿದ ಕೈಯನ್ನು ಮೆಲ್ಲಗೆ ಅವನ ಮಡಿಲಿಗೆ ಇಳಿಸಿದ.

"ಕಲಿಸ್ತೆ, ಹೆಣೆ," ಎಂದ ಕಡೆಗೆ. "ಆದ್ರ್ ಕೋಬೆಯಗೆ ನಂಗೆ ಕಲ್ಸಿದ ಮುದ್ಕ ಎಲುಬ್ ಕಟ್ಟು ವೈದ್ಯ. ಅವ್ನ್ ಮನೀಲಿ ಒಂದ್ ಕಟ್ಟಿತ್ತ್. ಕೂಡ್ಸುಕೆ ಬರದ್ದವ್ನಿಗೆ ಕಳ್ಚುಕೆ ಹೇಳಿಕೊಡುದಿಲ್ಲೆ. ಕಳ್ಚಿದ್ ನೂರ್ ಗಂಟ್ ಕೂಡ್ಸ್, ಮತ್ತೆ ಹೆಗ್ಲ್ ತೆಗುದ್ ತೋರಿಸ್ತೆ."

"ಗುಡ್ಡನ ಕೈ ಕೂಡ್ಸುದ್ ನಂಗೆ ಬ್ಯಾಡ."

"ನೂರ್ ಗಂಟ್," ಎಂದ ಕುಷ್ಟ. ಅಷ್ಟೇ.

ಕಲಿಕೆ ಶುರುವಾದದ್ದು ಬೀಳುವುದರಿಂದ. ಮೂರು ತಿಂಗಳು ಬರೀ ಬೀಳುವುದೇ! ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಉರುಳಿ ಏಳು. ಗುಡ್ಡನನ್ನು ಬೀಳಿಸಲು ಬಂದವಳು ತಾನೇ ದಿನಕ್ಕೆ ನೂರು ಸಲ ಬಿದ್ದು, ಮೈಯೆಲ್ಲ ಮರಳಾಗಿ, ಮಾವನಿಗೆ ಬಾಯಿಗೆ ಬಂದಂತೆ ಬೈದಳು. ಬೈಗುಳ ಮುಗಿಯುವವರೆಗೆ ಕಾದು ಕುಷ್ಟ ಮತ್ತೆ ಬೀಳಿಸುತ್ತಿದ್ದ.

ದಣಿದು ಕೂತಾಗ ಕತೆ ಹೇಳುತ್ತಿದ್ದ. ಇದರ ಹೆಸರು ಜುಜುತ್ಸು, ಮೆತ್ತನೆಯ ವಿದ್ಯೆ. ನಮ್ಮ ಯಕ್ಷಗಾನದ ಆಟದಲ್ಲಿ ಬಡಗು ಬೇರೆ, ತೆಂಕು ಬೇರೆ ಇರುವ ಹಾಗೆ ಅಲ್ಲಿಯೂ ಮನೆತನಕ್ಕೊಂದು ವರಸೆ. ಎಲ್ಲಕ್ಕೂ ಹಳೆಯದೊಂದು ಇದೆ, ತಾಕೆನೊಉಚಿ. ಶತ್ರುವನ್ನು ಕೆಡವಿ, ಮಂಡಿಯೂರಿ ಒತ್ತಿ, ಹಗ್ಗದಲ್ಲಿ ಕಟ್ಟುವವರು. ಕಿತೋ ಎಂಬವರದು ಏಳುವುದು ಬೀಳುವುದರ ಲೆಕ್ಕ. ಕಬ್ಬಿಣದ ಕವಚ ತೊಟ್ಟವನನ್ನೂ ಅವನ ಭಾರದಿಂದಲೇ ಎಸೆಯುತ್ತಾರೆ. ತೆನ್‌ಜಿನ್ ಶಿನ್ಯೋ ಮನೆಯವರು ಮರ್ಮಕ್ಕೆ ಕುಟ್ಟುವುದು, ಕತ್ತು ಅಮುಕುವುದು, ಗಂಟು ತಿರುವುವುದರಲ್ಲಿ ಗಟ್ಟಿಗರು. ಇವುಗಳಿಂದಲೇ ಮೇಷ್ಟರೊಬ್ಬರು ಅಪಾಯದ್ದನ್ನೆಲ್ಲ ತೆಗೆದು ಶಾಲೆಯ ಮಕ್ಕಳಿಗೂ ಆಗುವ ಜೂಡೊ ಮಾಡಿದ್ದಾರೆ. ತೆಂಕಣ ದ್ವೀಪದ ಮುಷ್ಟಿ ವಿದ್ಯೆ ಬೇರೆಯೇ, ಅದು ಕರಾಟೆ. ಅದರಲ್ಲೂ ಮತ್ತೆ ಊರಿಗೊಂದು ಬಗೆ.

"ನಿಮ್ ಮುದ್ಕಂದ್ ಯಾವ್ದ್?"

"ಯೋಶಿನ್. ಅಲ್ಲೊಂದ್ ಮರ ಇತ್ತ್, ನಮ್ ಗಾಳಿಮರದಂಗೆ, ರೆಂಬಿ ನೆಲಕ್ಕೆ ಜೋಲ್ತ್. ಚಳಿಗಾಲ್ದಗೆ ಆಕಾಶದಿಂದ ಹಿಮ ಬೀಳತ್ತ್, ಉಪ್ಪ್ ಸುರ್ದಂಗೆ. ಗಟ್ಟಿ ಮರ ಎಲ್ಲ ಹೊತ್ಕಂಡ್ ಹೊತ್ಕಂಡ್ ಮುರೀತ್. ಈ ಮರ ಬಗ್ಗತ್ತ್, ಉಪ್ಪ್ ಜಾರಿ ಬೀಳತ್ತ್, ರೆಂಬಿ ಎದ್ದ್ ನಿಲ್ತ್. ಅದನ್ನ ಕಂಡ್ ಒಬ್ಬ ವೈದ್ಯ ಮಾಡಿದ್ ವಿದ್ಯೆ ಅಂಬ್ರ್. ಎಳ್ದವ್ನ್ ಹತ್ರಕ್ಕೇ ಹೋಗ್, ನೂಕ್ದವ್ನಿಗೆ ದಾರಿ ಬಿಡ್."

"ನಮ್ ಊರಗೆ ಬಗ್ಗಿದವ್ನಿಗೆ ಒಂದ್ ಗುದ್ದ್ ಹೆಚ್ಚ್, ಮಾವ."

ಕುಷ್ಟ ಆ ದಿನ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ನಲ್ವತ್ತೆರಡರಲ್ಲಿ ಜಪಾನಿನವರು ಬಂದೇ ಬಿಟ್ಟರು ಎಂಬ ಗಾಬರಿ ಕರಾವಳಿಗೆಲ್ಲ ಹಬ್ಬಿತು. ಪೇದೆಯೊಬ್ಬ ಬಂದು ತಗಡಿನ ಪೆಟ್ಟಿಗೆ ತಡಕಿದ. ಜುಜುತ್ಸುವಿಗೆ ತೊಡುವ ಆ ಹತ್ತಿ ಅಂಗಿ ಹಿಡಿದೆತ್ತಿ ಇದೇನೆಂದು ಗದರಿದಾಗ, "ಕೋಬೆಯಗೆ ಚಳಿ ಅಲ್ದಾ, ಸ್ವಾಮಿ," ಎಂದ ಕುಷ್ಟ. ಅವತ್ತಿನಿಂದ ಜುಜುತ್ಸು ಎಂಬ ಮಾತೇ ಮನೆಯಲ್ಲಿ ಬಂದ್. ಕೇಳಿದವರಿಗೆಲ್ಲ ಎಲುಬು ಕಟ್ಟುವ ವೈದ್ಯ. ಅದು ಸುಳ್ಳೂ ಅಲ್ಲವಲ್ಲ.

ಮೊದಲು ಕೋಳಿಯ ಕಾಲು, ಮತ್ತೆ ಕರುವಿನ ಮಂಡಿ, ಆಮೇಲೆ ಮನುಷ್ಯರು. ಒಂದು ಗಂಟು ಕೂಡಿಸಿದರೆ ಗಡಿಗೆಗೆ ಒಂದು ಕಪ್ಪೆಚಿಪ್ಪು. ಸಾಲಿಗ್ರಾಮದ ಕಡೆಯ ದೇವಸ್ಥಾನದ ಅಡುಗೆಯ ಗಣಪಯ್ಯನವರು ಕೊಪ್ಪರಿಗೆ ಎತ್ತಲು ಹೋಗಿ ಹೆಗಲು ಕಳಚಿಕೊಂಡು ಗಾಡಿಯಲ್ಲಿ ಬಂದರು. ಮೀನು ವಾಸನೆಯ ಜಗಲಿಯಲ್ಲಿ ಮೂಗು ಮುಚ್ಚಿಕೊಳ್ಳೋಣವೆಂದರೆ ಕೈ ಏಳುವುದಿಲ್ಲ, ಪಾಪ! ವನಜ ಹತ್ತಿರ ಬಂದಾಗ ಅನುಮಾನಿಸಿದರು.

"ಮುಟ್ಟುಕಾತ್ತಾ, ಅಯ್ಯ?" ಎಂದಳು.

"ಮುಟ್ಟೇ, ಮಾರಾಯ್ತಿ! ಮತ್ತೆ ಮಿಂದ್ರಾಯ್ತ್. ಜೀವ ಹೋತಾ ಇತ್ತ್ ನಂಗೆ!"

ಹಿಂದಿನಿಂದ ಕುಷ್ಟ ಹೇಳುತ್ತಿದ್ದ, ಎಂದಿನಂತೆ ಅದದೇ ಮಾತು. ಮೊದಲು ಮಣಿಕಟ್ಟಿನ ನಾಡಿ ನೋಡು. ಬೆರಳು ಆಡಿಸಲು ಹೇಳು. ಆಡಿದರೆ ನರ ಬದುಕಿದೆ, ಹೆದರಬೇಡ. ಎಳೆಯಬೇಡ. ಜಗ್ಗಬೇಡ. ಕಂಕುಳೊಳಗೆ ನರದ ಜಡೆ ಇದೆ, ಜಗ್ಗಿದರೆ ಬೇರು ಸಮೇತ ಕಿತ್ತು ಬರುತ್ತದೆ. ಮೊಣಕೈ ಮಡಿಸಿ, ಮೈಗೆ ಒತ್ತಿ, ನಿಧಾನಕ್ಕೆ ಹೊರಗೆ ತಿರುಗಿಸು. ಅವನ ಉಸಿರು ಸಡಿಲವಾಗುವವರೆಗೆ ಕಾಯಿ. ತಾನಾಗಿ ಒಳಗೆ ಹೋಗುತ್ತದೆ.

ತಾನಾಗಿ ಒಳಗೆ ಹೋಯಿತು. ಗಣಪಯ್ಯನವರು ಕೈ ಎತ್ತಿ, ಇಳಿಸಿ, ಮತ್ತೆ ಎತ್ತಿ, ಮೀಯುವುದನ್ನೂ ಮರೆತು ಅವಳನ್ನು ಹರಸಿದರು. ವನಜ ಚಿಪ್ಪು ಹಾಕಲು ಎದ್ದಳು. 'ಜಗ್ಗಬೇಡ' ಎಂಬ ಮಾತು ಬಂದಾಗಲೆಲ್ಲ ಕುಷ್ಟ ಅವಳ ಮುಖವನ್ನೇ ನೋಡುತ್ತಿದ್ದ. ಅವಳಿಗೆ ಮಾತ್ರ ಆ ಮಾತು ಬಂದರೆ ಗುಡ್ಡನೇ ಕಾಣುತ್ತಿದ್ದ: ಅವನೇ ಜಗ್ಗಿದ, ಅವನೇ ಬೇರು ಕಿತ್ತ. ಏಳು ವರ್ಷ ಒಬ್ಬನನ್ನೇ ನೋಡಿದ ಕಣ್ಣಿಗೆ ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ.

ನಲ್ವತ್ತೈದರ ಮಳೆಗಾಲದಲ್ಲಿ ನೂರನೆಯ ಚಿಪ್ಪು ಬಿತ್ತು. ಕುಷ್ಟ ಮಾತಿಗೆ ತಪ್ಪಲಿಲ್ಲ. ಹೆಗಲು ತೆಗೆಯುವುದು ಹೇಗೆಂದು ತನ್ನದೇ ಕೈ ಕೊಟ್ಟು, ತುದಿಯವರೆಗೆ ತೋರಿಸಿದ. "ಇನ್ನ್ ಕೈ ನಿಂದ್, ಮನಸ್ ನಿಂದ್," ಎಂದ. "ಆದ್ರ್ ತೆಗ್ದವ್ರೇ ಕೂಡ್ಸ್ಕ್, ಹೆಣೆ."

ವನಜ ತುಂಬಿದ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಬದಿಗಿಟ್ಟಳು.

ಮಳೆ ನಿಂತಿತು, ರಂಪಣಿ ಇಳಿಯಿತು. ಅವಳು ಮೂರು ಎಳೆತ ಬಿಟ್ಟಳು. ಜನ ಕಡಿಮೆ ಇದ್ದರು. ನಾಲ್ಕನೆಯ ದಿನ ಬಂಗಡೆಯ ದೊಡ್ಡ ಹಿಂಡು ಸಿಕ್ಕಿದೆ ಎಂಬ ಕೂಗು ಕೇಳಿ ಊರಿಗೆ ಊರೇ ತೀರಕ್ಕೆ ಓಡಿತು. ಮಧ್ಯಾಹ್ನದ ಬಿಸಿಲು. ಕುಷ್ಟ ಯಾರದೋ ಮುರಿದ ಕಾಲು ಕಟ್ಟಲು ಹೆಮ್ಮಾಡಿಗೆ ಹೋಗಿದ್ದ. ವನಜ ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಸೊಂಟಕ್ಕೆ ಬಿಗಿದಳು. ಬಲೆಯ ಹೊಟ್ಟೆ ದಡ ಮುಟ್ಟುವ ಹೊತ್ತಿಗೆ ಹೋಗಿ ಹಗ್ಗದ ಬಾಲ ಹಿಡಿದಳು. ಬೇಕೆಂದೇ ತಡವಾಗಿ.

ಪಾಲು ಹಂಚುವಾಗ ಬುಟ್ಟಿ ಮುಂದಿಟ್ಟಳು. ಗುಡ್ಡನ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು, ನಾಲಿಗೆ ಮಾತ್ರ ಹಾಗೇ ಇತ್ತು.

"ಮೀನ್ ದಡಕ್ಕ್ ಬಂದ್ಮೇಲೆ ಹಗ್ಗ ಮುಟ್ಟುದ್ ನಿಮ್ ಮನಿ ಪದ್ಧತಿಯಾ?"

"ಮುಟ್ಟಿದವ್ರಿಗೆ ಪಾಲ್ ಕೊಡ್ದಿದ್ದ್ ನಿನ್ ಮನಿ ಪದ್ಧತಿ," ಎಂದಳು ವನಜ, ದೂರದವರಿಗೂ ಕೇಳುವಂತೆ. "ನಂಗೊಂದ್, ನಮ್ಮಬ್ಬಿಗ್ ಒಂದ್. ಅಬ್ಬಿದ್ ಏಳ್ ವರ್ಷದ್ ಹಳೀದ್."

ಬಾಗಿ ರಾಶಿಯಿಂದ ತಾಯಿಯ ಪಾಲಿನ ಒಂದು ಬೊಗಸೆ ಎತ್ತಿದಳು. ಗುಡ್ಡ ಅವಳ ಮುಂಗೈ ಹಿಡಿದು ತನ್ನ ಕಡೆಗೆ ಸೆಳೆದ. ಸೆಳೆಯಲಿ ಎಂದೇ ಅವಳು ನಾಲ್ಕು ವರ್ಷ ಮರಳಲ್ಲಿ ಬಿದ್ದದ್ದು. ಎಳೆತಕ್ಕೆ ಎದುರು ನಿಲ್ಲದೆ ಅವನ ಎದೆಗೇ ಹೋದಳು. ಎದುರು ಎಳೆತ ಸಿಗದ ಗುಡ್ಡ ಹಿಂದಕ್ಕೆ ವಾಲಿದ, ಅದೇ ಗಳಿಗೆಯಲ್ಲಿ ಅವಳ ಕಾಲು ಅವನ ಹಿಮ್ಮಡಿಯನ್ನು ಬಾಚಿತು. ಅಷ್ಟು ದೊಡ್ಡ ಆಳು ಮೀನಿನ ರಾಶಿಯ ಪಕ್ಕದಲ್ಲಿ ದೊಪ್ಪನೆ ಬಿದ್ದ. ಏಳಲು ಹೊರಳಿದಾಗ ಬಲಗೈ ಅವಳ ಕೈಗೆ ಬಂದಿತ್ತು. ಬೆನ್ನಿಗೆ ಮಂಡಿಯೂರಿ, ಹಿಂದಕ್ಕೆ ತಿರುವಿ, ಮೇಲಕ್ಕೆ ಒತ್ತಿದಳು. ಟಕ್.

ಆಹಾ, ಆ ಸದ್ದು! ಏಳು ವರ್ಷ ಅವಳ ಕಿವಿಯಲ್ಲಿ ಕೂತಿದ್ದ ಸದ್ದು ಈಗ ಸರಿಯಾದ ಮೈಯಿಂದ ಬಂದಿತ್ತು. ಗುಡ್ಡ ಕೋಣದಂತೆ ಅರಚಿದ. ವನಜ ಎದ್ದು ನಿಂತು, ಸುತ್ತಲಿನ ಒಂದೊಂದು ಮುಖವನ್ನೂ ನೋಡಿದಳು. ಅಂದು ತಲೆ ತಗ್ಗಿಸಿ ನಿಂತವರು ಇಂದು ಬಾಯಿ ಬಿಟ್ಟು ನಿಂತಿದ್ದರು. ಅವಳ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಬೇಕು, ನಗುವೂ ಬಂತು.

"ಕೂಡ್ಸ್, ವನಜ," ಎಂದ ಐತ. "ನಿಂಗ್ ಬರತ್ತಲ್ದಾ."

"ನಾ ಕೂಡ್ಸುದಿಲ್ಲೆ. ಯಾರ್ ಬೇಕಾರೂ ಕೂಡ್ಸ್ಕಣಿ."

ತಂಡೇಲ ನೋವಿನಿಂದ ಹೊರಳುವಾಗ ಸುಮ್ಮನೆ ನಿಲ್ಲಲಾಗುತ್ತದೆಯೇ? ಐತ ಕೂತು ಗುಡ್ಡನ ಕಂಕುಳಿಗೆ ಕಾಲು ಕೊಟ್ಟ. ಕರಿಯನೂ ಇನ್ನಿಬ್ಬರೂ ಕೈ ಹಿಡಿದರು. ಎಳೀರಿ, ಎಳೀರಿ ಎಂದು ಗುಡ್ಡನೇ ಹಲ್ಲು ಕಚ್ಚಿ ಹೇಳಿದ. ಮುಂದೇನಾಗುತ್ತದೆ ಎಂದು ಆ ತೀರದಲ್ಲಿ ತಿಳಿದವಳು ಒಬ್ಬಳೇ. ನಾಲ್ಕು ಜನ ಜಗ್ಗಿದರೆ ನರದ ಜಡೆ ಬೇರು ಸಮೇತ ಕಿತ್ತು ಬರುತ್ತದೆ. ಗುಡ್ಡನ ಕೈಯೂ ಸೌದೆಯಾಗುತ್ತದೆ. ಅವಳು ಮುಟ್ಟಬೇಕಾಗಿಯೂ ಇಲ್ಲ. ಬಾಯಿ ಮುಚ್ಚಿ ನಿಂತರೆ ಸಾಕು. ಇದಕ್ಕಿಂತ ಒಳ್ಳೆಯ ಸೇಡನ್ನು ಯಾವ ದೇವರು ಕೊಡುತ್ತಾನೆ? ವನಜ ಬಾಯಿ ಮುಚ್ಚಿ ನಿಂತಳು.

"ಓ ಬೇಲೆ!" ಎಂದ ಐತ.

"ಐಸಾ!"

ಆ ಕೂಗು ಅವಳ ಎದೆಗೆ ಬಡಿಯಿತು. ಅದೇ ಕಾಲು, ಅದೇ ಕೈಗಳು, ಅದೇ ಐತ, ಅದೇ ಕರಿಯ. ಕೂಗು ಮಾತ್ರ ಅಂದು ಐತನದಾಗಿರಲಿಲ್ಲ. ಗುಡ್ಡನ ಕೈ ನೋಡಿದಳು. ಹೆಗಲು ಕಳಚಿದ್ದರೂ ಬೆರಳುಗಳು ಮರಳನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತಿದ್ದವು. ಬದುಕಿದ್ದವು. ಚಂದುವಿನದು? ಅಂದು ದಾರಿಯುದ್ದಕ್ಕೂ ಚಂದು ಸೆರಗಿನ ತುದಿ ಹಿಡಿದುಕೊಂಡು ಬಂದಿದ್ದ. ಯಾವ ಕೈಯಿಂದ? ಎಡಗೈ ಬಲ ಮೊಣಕೈಗೆ ಆಧಾರ ಕೊಟ್ಟಿತ್ತು. ಸೆರಗು ಹಿಡಿದದ್ದು ಬಲಗೈ. ಮನೆಯ ಬಾಗಿಲಲ್ಲಿ ಬಿಡು ಎಂದರೂ ಬಿಡದೆ ಬಿಗಿಯಾಗಿ ಹಿಡಿದಿದ್ದ ಬಲಗೈ.

"ಓ ಬೇಲೆ!"

"ಐಸಾ!"

ಗುಡ್ಡ ತಿರುವಿದಾಗ ಆ ಕೈ ಸತ್ತಿರಲಿಲ್ಲ. ಮನೆಯವರೆಗೆ ಬದುಕಿಯೇ ಬಂದಿತ್ತು. ಅದನ್ನು ಕೊಂದದ್ದು ಮೂರು ಕೂಗು.

"ಬಿಡ್ರೋ!" ವನಜ ಕಿರುಚಿ ಅವರ ಮೇಲೆ ಬಿದ್ದಳು. ಕರಿಯನ ಎದೆಗೆ ಕಾಲಿಟ್ಟು ನೂಕಿದಳು, ಐತನ ಜುಟ್ಟು ಹಿಡಿದೆಳೆದಳು. "ಬಿಡಿ ಅಂದೆ! ಇನ್ನೊಂದ್ ಸಲ ಐಸಾ ಅಂದ್ರೆ ನಾಲಗಿ ಕೀಳ್ತೆ!"

ಗುಡ್ಡನ ಪಕ್ಕ ಕೂತಳು. ಅವನು ಅವಳನ್ನು ಕಂಡು ಹೆದರಿ ಕಣ್ಣು ಮುಚ್ಚಿದ. ನಾಡಿ ನೋಡಿದಳು. ಮೊಣಕೈ ಮಡಿಸಿದಳು, ಮೈಗೆ ಒತ್ತಿದಳು, ನಿಧಾನಕ್ಕೆ ಹೊರಗೆ ತಿರುಗಿಸಿದಳು. ಅವನ ಉಸಿರು ಸಡಿಲವಾಯಿತು. ಹೆಗಲು ತಾನಾಗಿ ಒಳಗೆ ಹೋಯಿತು.

"ಬೆರ್ಳ್ ಆಡ್ಸ್," ಎಂದಳು.

ಗುಡ್ಡ ಬೆರಳು ಆಡಿಸಿದ. ಐದೂ ಆಡಿದವು. ಇಷ್ಟೇ ಹೊತ್ತು. ಒಂದು ವೀಳ್ಯ ಅಗಿಯುವಷ್ಟು ಹೊತ್ತು. ಚಂದುವಿನ ಕೈ ಉಳಿಯಲು ಇಷ್ಟೇ ಸಾಕಿತ್ತು.

"ನನ್ ತಮ್ಮನ್ ಹೆಗ್ಲ್ ತೆಗ್ದದ್ ನೀನೇ," ಎಂದಳು ಅವನ ಕಿವಿಯ ಹತ್ತಿರ ಬಾಗಿ. "ಅದನ್ನ ನಾ ಸಾಯುವರಿಗೂ ಬಿಡುದಿಲ್ಲೆ, ತಿಳೀತಾ?" ಆಮೇಲೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಸೋತವಳಂತೆ ಹೋಗುತ್ತಾಳಲ್ಲ ಎಂದು ಜನ ಮುಖ ಮುಖ ನೋಡಿಕೊಂಡರು.

ಚಂದು ಜಗಲಿಯಲ್ಲಿ ಕೂತು, ಕಾಲ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು ಎಡಗೈಯಲ್ಲಿ ಹರಿದ ಕಣ್ಣು ಹೆಣೆಯುತ್ತಿದ್ದ. ಸುದ್ದಿ ಅವಳಿಗಿಂತ ಮೊದಲೇ ಓಡಿ ಬಂದಿತ್ತು.

"ತೆಗ್ದ್ಯಂಬ್ರಲೆ, ಅಕ್ಕ?"

"ತೆಗ್ದೆ."

"ಮತ್ತೆ ಕೂಡ್ಸ್ದ್ಯಂಬ್ರ್?"

ವನಜ ಅವನೆದುರು ನೆಲದ ಮೇಲೆ ಕುಸಿದು ಕೂತಳು. ಒಣಗಿದ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಚಂದು, ಅವತ್ತ್ ನನ್ ಸೆರಗ್ ಹಿಡ್ಕಂಡ್ ಬಂದದ್ ಈ ಕೈಯಗಾ?"

ಚಂದು ಹೆಣೆಯುವುದನ್ನು ನಿಲ್ಲಿಸಿದ. "ಹೌದ್," ಎಂದ.

"ನಿಂಗ್ ಯಾವಾಗ್ ಗೊತ್ತಾಯ್ತ್?"

"ನೀ ಮೂರ್ನೇ ಸಲ ಕೂಗ್ದಾಗ್ಳೇ. ಒಳಗೆ ಎಂತದೋ ಹರ್ದ್ ಹೋದಂಗಾಯ್ತ್."

"ಏಳ್ ವರ್ಷ! ಒಂದ್ ಮಾತ್ ಹೇಳುಕಾಯ್ಲಿಲ್ಯನಾ ನಿಂಗೆ?"

"ನೀ ಗುಡ್ಡನ್ನ ಬೈಕಂಡ್ ಬದ್ಕಿದ್ದೆ, ಅಕ್ಕ," ಎಂದ ಚಂದು. "ಹೇಳಿದ್ರೆ ಯಾರ್ನ ಬೈತಿದ್ದೆ?"

ವನಜಳಿಗೆ ಅಳು ಬಂತು. ಏಳು ವರ್ಷ ಒಂದು ಹನಿ ಹಾಕದವಳು ತಮ್ಮನ ಸತ್ತ ಕೈಯ ಮೇಲೆ ಮುಖವಿಟ್ಟು ಹೋ ಎಂದು ಅತ್ತಳು. ಆ ಕೈಗೆ ಕಣ್ಣೀರಿನ ಬಿಸಿಯೂ ತಿಳಿಯಲಿಲ್ಲ. ಎಡಗೈ ಬಂದು ಅವಳ ತಲೆ ಸವರಿತು.

ಸಂಜೆಯ ಹೊತ್ತಿಗೆ ಐತ ಅಂಗಳಕ್ಕೆ ಬಂದು, ಅವಳು ಬಿಟ್ಟುಬಂದ ಬುಟ್ಟಿಯನ್ನು ಇಳಿಸಿದ. ಬುಟ್ಟಿ ತುಂಬ ಬಂಗಡೆ.

"ಗುಡ್ಡ ಕಳ್ಸ್ದ. ನಿಂಗೊಂದ್ ಪಾಲ್, ನಿಮ್ಮಬ್ಬಿಗ್ ಒಂದ್. ಹಗ್ಗ ಹಿಡ್ದವ್ರಿಗೆಲ್ಲ ಪಾಲಿತ್ತಂಬ್ರ್."

"ಇತ್ತ್," ಎಂದಳು ವನಜ. "ಚಂದುನ್ ಕೈಯಗೆ ಅವ್ನ್ ಪಾಲ್ ಅವ್ನಿಗಿತ್ತ್. ನಂದ್ ನಂಗಿತ್ತ್. ಐತಣ್ಣ, ನಿಂದೂ ಇತ್ತ್, ಕೂತ್ಕೊ, ಹೇಳ್ತೆ."

ಐತನಿಗೆ ಅವಳು ಎಲ್ಲವನ್ನೂ ಹೇಳಿದಳು. ಕೇಳಿದವನು ಎದ್ದು ಹೋಗಲಾರದೆ ದೀಪ ಹಚ್ಚುವವರೆಗೂ ಅಲ್ಲೇ ಕೂತಿದ್ದ. ಪದ್ದು ಮೀನು ಹೆಚ್ಚಿ ಒಲೆಗಿಟ್ಟಳು.

ಮಾರನೆಯ ಬೆಳಿಗ್ಗೆ ಎಲ್ಲರೂ ಗಂಜಿಗೆ ಕೂತರು. ಎದುರಿಗೆ ಚಂದು ಎಡಗೈಯಲ್ಲಿ ಗಂಜಿ ಸುರಿಯುತ್ತಿದ್ದ. ವನಜ ಅದನ್ನು ನೋಡಿದಳು. ಗುಡ್ಡನ ನೆನಪಾಗಲಿಲ್ಲ.